ರಜೆ ಚೀಟಿಯಲ್ಲಿ ಇನ್ನು ನಾಲ್ಕು ದಿನ ಸೇರಿಸು

ಪುಟ್ಟೀ, ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಹನ್ನೆರಡು ದಿನದಲ್ಲಿ ಕಠ್ಮಂಡು, ಎವರೆಸ್ಟ್ ಬೇಸ್ ಕ್ಯಾಂಪ್, ಚಿತವನದ ಕಾಡು, ಆಮೇಲೆ ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಫೀಸು. ಪಟ್ಟಿ ಹೆಣೆದವರ ಜಾಣತನ ಮೆಚ್ಚಬೇಕಾದ್ದೇ, ಆದರೆ ಅದು ನಡೆಯುವುದು ಕಾಗದದ ಮೇಲೆ. ಹೋಗಬೇಡ ಎನ್ನುವ ಮಾವ ನಾನಲ್ಲ. ‘ನೀನಾದರೂ ಅವಳಿಗೆ ಬುದ್ಧಿ ಹೇಳು’ ಅಂತ ನಿಮ್ಮಮ್ಮ ಫೋನ್ ಮಾಡಿದಾಗ, ಹೋಗಿ ಬರಲಿ ಬಿಡು ಅಂದವನೂ ನಾನೇ. ನನ್ನದು ಒಂದೇ ತಕರಾರು: ದಿನ ಸಾಲದು.

ಕರ್ನಾಟಕದಲ್ಲೆಲ್ಲ ಎತ್ತರದ್ದು ಮುಳ್ಳಯ್ಯನಗಿರಿ, 1,930 ಮೀಟರ್. ನಿನ್ನ ನಡಿಗೆ ಶುರುವಾಗುವ ಲುಕ್ಲಾದ ವಿಮಾನ ನಿಲ್ದಾಣ ಇರುವುದೇ 2,800 ಮೀಟರಿಗೂ ಮೇಲೆ. ಅಂದರೆ ನೀನು ಇನ್ನೂ ಬೂಟಿನ ದಾರ ಬಿಗಿಯುವ ಮೊದಲೇ ನಮ್ಮ ನಾಡಿನ ಎಲ್ಲ ಶಿಖರಗಳನ್ನೂ ದಾಟಿರುತ್ತೀಯ. ಅಲ್ಲಿಂದ ನಾಮ್ಚೆ ಬಜಾರ್ 3,440, ದಿಂಗ್‌ಬೋಚೆ 4,410, ಬೇಸ್ ಕ್ಯಾಂಪ್ 5,364. ಆ ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲತೀರದಲ್ಲಿ ಸಿಗುವುದರ ಅರ್ಧದ ಆಸುಪಾಸು. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆ ಮಟ್ಟಿಗೆ ಅದು ಬಲು ಗಟ್ಟಿ. ಉಸಿರು ಆಳವಾಗುತ್ತದೆ, ಮೂತ್ರಪಿಂಡಗಳು ರಕ್ತದಲ್ಲಿ ಹೆಚ್ಚಾದ ಕ್ಷಾರವನ್ನು ಹೊರಗೆ ಹಾಕುತ್ತವೆ, ಕೆಂಪು ಕಣಗಳು ಹೆಚ್ಚುತ್ತವೆ. ಆದರೆ ಇದಕ್ಕೆಲ್ಲ ದಿನಗಳು ಬೇಕು. ದುಡ್ಡು ಹೆಚ್ಚು ಕೊಟ್ಟರೆ ಬೇಗ ಆಗುವ ಕೆಲಸವಲ್ಲ.

ಅದಕ್ಕೇ ಬೆಟ್ಟದ ವೈದ್ಯರು ಒಂದು ಲೆಕ್ಕ ಇಟ್ಟಿದ್ದಾರೆ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು. ಹಗಲು ಎಷ್ಟು ಹತ್ತಿದರೂ ರಾತ್ರಿ ಇಳಿದು ಬಂದು ಮಲಗಿದರೆ ಒಳ್ಳೆಯದೇ. ಸಾಮಾನ್ಯವಾಗಿ ನಾಮ್ಚೆಯಲ್ಲಿ ಒಂದು ದಿನ, ದಿಂಗ್‌ಬೋಚೆಯಲ್ಲಿ ಒಂದು ದಿನ ಹೀಗೆ ತಂಗುತ್ತಾರೆ. ನಿನ್ನ ಪಟ್ಟಿಯಲ್ಲಿ ಕತ್ತರಿ ಬಿದ್ದಿರುವುದು ಸರಿಯಾಗಿ ಆ ಎರಡು ದಿನಗಳಿಗೇ.

ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವಳು, ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವಳು ಅಂತ ನಿನಗೊಂದು ಧೈರ್ಯ. ಇರಲಿ, ಮಂಡಿಗೆ ಅದು ಒಳ್ಳೆಯದು. ಎತ್ತರದ ಕಾಯಿಲೆಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ನಿಜ ಹೇಳಬೇಕೆಂದರೆ ಗಟ್ಟಿಮುಟ್ಟಾದ ಹುಡುಗರೇ ಹೆಚ್ಚು ಸಿಕ್ಕಿಬೀಳುವುದು, ಕಾಲು ಓಡುತ್ತದೆ ಅಂತ ಓಡಿ. ನನ್ನಂಥ ಮುದುಕರು ಏದುಸಿರು ಬಿಡುತ್ತಾ ನಿಂತು ನಿಂತು ಹೋಗಿ ಬಚಾವಾಗುತ್ತೇವೆ. ನೇಪಾಳಿ ಗೈಡುಗಳು ದಾರಿಯುದ್ದಕ್ಕೂ ‘ಬಿಸ್ತಾರೈ, ಬಿಸ್ತಾರೈ’ ಅನ್ನುತ್ತಿರುತ್ತಾರೆ. ನಿಧಾನ, ನಿಧಾನ ಅಂತ. ಅದು ಬಾಯುಪಚಾರ ಅಂದುಕೊಳ್ಳಬೇಡ.

ಇನ್ನೊಂದು ಮಾತು, ಇದನ್ನು ಎರಡು ಸಲ ಓದು. ತಲೆನೋವನ್ನು ಮುಚ್ಚಿಡಬೇಡ. ‘ನನ್ನಿಂದ ಗುಂಪು ತಡವಾಯಿತು’ ಅನ್ನಿಸಿಕೊಳ್ಳುವ ಸಂಕೋಚಕ್ಕೆ, ಖರ್ಚಾದ ದುಡ್ಡಿನ ನೆನಪಿಗೆ, ಎಷ್ಟೋ ಮಕ್ಕಳು ಊಟದ ಮೇಜಿನಲ್ಲಿ ‘ಚೆನ್ನಾಗಿದ್ದೀನಿ’ ಅಂತ ನಗುತ್ತಾರೆ. ಆ ಎತ್ತರದಲ್ಲಿ ತಲೆನೋವು, ವಾಕರಿಕೆ, ಊಟ ಸೇರದಿರುವುದು, ಏನೇ ಬಂದರೂ ಬೇರೆ ಕಾರಣ ಖಚಿತವಾಗುವ ತನಕ ಅದು ಎತ್ತರದ ಕಾಯಿಲೆಯೇ. ಅದು ಪೂರ್ತಿ ಇಳಿಯುವ ತನಕ ಒಂದು ಹೆಜ್ಜೆಯೂ ಮೇಲೆ ಬೇಡ. ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿ. ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಮಾತು ತೊದಲಿದರೆ, ಮಿದುಳು ಬಾಯುತ್ತಿದೆ. ಆಗ ಬೆಳಗಾಗಲಿ ಅಂತ ಕಾಯುವುದಲ್ಲ, ನಡುರಾತ್ರಿಯಾದರೂ ಜೊತೆ ಕರೆದುಕೊಂಡು ಇಳಿಯುವುದು. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳು, ಸಲ್ಫಾ ಔಷಧ ಆಗದವರಿಗೆ ಅದು ತೊಂದರೆ ಕೊಡಬಹುದು. ಪೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಚಿಕಿತ್ಸಾಲಯವಿದೆ. ಚಾರಣದ ಕಾಲದಲ್ಲಿ ಮಧ್ಯಾಹ್ನ ಅಲ್ಲಿನ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಎಲ್ಲರಿಗೂ ಮಾತಾಡುತ್ತಾರೆ. ಒಂದು ಗಂಟೆ ಕೂತು ಕೇಳು.

ವಿಮೆ ಮಾಡಿಸುವಾಗ 5,000 ಮೀಟರಿಗೂ ಮೇಲಿನ ಚಾರಣ ಮತ್ತು ಹೆಲಿಕಾಪ್ಟರ್ ಸೇರಿದೆಯೇ ಎಂದು ಸಣ್ಣಕ್ಷರ ಓದಿ ನೋಡು. ಬಹಳ ಪಾಲಿಸಿಗಳಲ್ಲಿ ಇರುವುದಿಲ್ಲ. ಹಾಗಂತ ಸಣ್ಣ ನೆಗಡಿಗೂ ‘ಹೆಲಿಕಾಪ್ಟರ್ ಕರೆಸೋಣ, ವಿಮೆ ಇದೆಯಲ್ಲ’ ಅನ್ನುವವರ ಮಾತಿಗೆ ತಲೆಯಾಡಿಸಬೇಡ. ಬೇಡದ ಹಾರಾಟ ಮಾಡಿಸಿ ವಿಮೆಯ ಹಣ ಹೊಡೆಯುವ ದಂಧೆ 2018ರಲ್ಲಿ ನೇಪಾಳ ಸರ್ಕಾರದ ತನಿಖೆಯಲ್ಲೇ ಬಯಲಾಗಿತ್ತು.

ನಿನ್ನ ಚೀಲ ಹೊರುವವನ ಬಗ್ಗೆಯೂ ಯೋಚಿಸು. ಅಲ್ಲಿ ಸಾಮಾನ್ಯವಾಗಿ ಇಬ್ಬರ ಚೀಲ ಒಬ್ಬನ ಬೆನ್ನಿಗೆ, ಭಾರವೆಲ್ಲ ಹಣೆಗೆ ಕಟ್ಟಿದ ನಾಮ್ಲೋ ಪಟ್ಟಿಯ ಮೇಲೆ. ಹೊರುವವರೆಲ್ಲ ಶೆರ್ಪಾಗಳು ಅಂತ ನಮ್ಮವರ ಎಣಿಕೆ. ಬಹಳಷ್ಟು ಜನ ಕೆಳಗಿನ ಬೆಟ್ಟಗಳ ರೈ, ತಾಮಾಂಗ್, ಮಗರ್ ಹುಡುಗರು. ಎತ್ತರ ಅವರಿಗೂ ಹೊಸದು, ನಿನ್ನಷ್ಟೇ ಅವರೂ ಕಾಯಿಲೆ ಬೀಳುತ್ತಾರೆ, ಆದರೆ ಕೂಲಿ ತಪ್ಪೀತೆಂದು ಹೇಳುವುದಿಲ್ಲ. ನೀನು ತಂಗುವ ದಿನ ಕತ್ತರಿಸಿದರೆ ಅವನದೂ ಕತ್ತರಿಸಿದ ಹಾಗೆ. ಅವನಿಗೆ ವಿಮೆ ಇದೆಯೇ, ರಾತ್ರಿ ಎಲ್ಲಿ ಮಲಗುತ್ತಾನೆ, ಬೆಚ್ಚನೆ ಜಾಕೆಟ್ ಇದೆಯೇ ಎಂದು ಮುಂಗಡ ಕಟ್ಟುವ ಮೊದಲೇ ಏಜೆನ್ಸಿಯನ್ನು ಕೇಳು. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ಹುಡುಕು.

ಹವೆಯ ಪಾಲಿಗೂ ದಿನ ಎತ್ತಿಡಬೇಕು. ಮೋಡ ಮುಚ್ಚಿದರೆ ಲುಕ್ಲಾಕ್ಕೆ ವಿಮಾನ ಬರುವುದಿಲ್ಲ, ಒಂದು ದಿನವಲ್ಲ, ಎರಡು ಮೂರು ದಿನವೂ ಆಗಬಹುದು. ಜನಜಂಗುಳಿಯ ತಿಂಗಳುಗಳಲ್ಲಿ ವಿಮಾನ ಕಠ್ಮಂಡುವಿನಿಂದಲ್ಲ, ರಾಮೇಛಾಪ್‌ನಿಂದ ಹಾರುತ್ತದೆ. ಅದಕ್ಕೆ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ರಸ್ತೆಯಲ್ಲಿ ಕುಲುಕಬೇಕು. ಕೆಟ್ಟ ಹವೆ ತರುವುದು ತಡವನ್ನಷ್ಟೇ ಅಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಹುಡುಗಾಟಕ್ಕೆ ಹೋದವರಲ್ಲ ಅವರು. ಅವರ ಸಾವಿನಿಂದ ಪಾಠ ತೆಗೆಯುವ ಧಾರ್ಷ್ಟ್ಯ ನನಗಿಲ್ಲ, ಬೆಟ್ಟದ ಹವೆ ಎಂಥದು ಎಂದಷ್ಟೇ ನೆನಪಿಸಿದೆ.

ಊಟದ ಚಿಂತೆ ನಿಮ್ಮಮ್ಮನಿಗೆ ಬಿಡು. ಖುಂಬು ಕಣಿವೆಯಲ್ಲಿ ಪ್ರಾಣಿವಧೆ ಇಲ್ಲ, ಮಾಂಸ ಕೆಳಗಿನಿಂದ ಜನರ ಬೆನ್ನೇರಿ ದಿನಗಟ್ಟಲೆ ನಡೆದು ಬರುತ್ತದೆ. ಹಾಗಾಗಿ ತಿನ್ನುವವರೂ ಅಲ್ಲಿ ದಾಲ್‌ಭಾತ್‌ಗೆ ಅಂಟಿಕೊಳ್ಳುವುದೇ ಕ್ಷೇಮ. ಚಟ್ನಿಪುಡಿ ಒಯ್ಯಿ.

ಚಿತವನವನ್ನು ಬೆಟ್ಟದ ನಂತರ ಇಟ್ಟಿದ್ದೀಯ, ಅದು ಸರಿ. ಹವೆ ಕೆಟ್ಟು ದಿನ ಹೋದರೆ ಅಲ್ಲಿಂದ ಕಡಿತ ಮಾಡಬಹುದು. ಆದರೆ ಒಂದೂವರೆ ದಿನದಲ್ಲಿ ಹುಲಿ ನೋಡಿಯೇ ಬರುತ್ತೇನೆ ಎಂಬ ಹಟ ಬೇಡ. ನೀನು ಹೋಗುವುದು ಅಕ್ಟೋಬರಿನಲ್ಲಿ. ಮಳೆ ನಿಂತ ಹೊಸತು, ಆನೆಹುಲ್ಲು ಜೀಪಿನ ಮೇಲೆ ನಿಂತವರನ್ನೂ ಮುಚ್ಚುವಷ್ಟು ಎತ್ತರ. ಹಳ್ಳಿಯವರು ಹುಲ್ಲು ಕೊಯ್ದು, ಉಳಿದದ್ದು ಸುಟ್ಟು, ಹೊಸ ಚಿಗುರು ಬರುವುದು ಚಳಿಗಾಲದ ಕೊನೆಗೆ. ಕಣ್ಣಿಗೆ ಪ್ರಾಣಿ ಸಿಗುವ ಕಾಲ ಅದು. ಬೇಸಿಗೆಯ ಕಬಿನಿ ಹಿನ್ನೀರಿನಲ್ಲಿ ಆನೆ ಹಿಂಡು ನೋಡಿದ ಕಣ್ಣನ್ನು ಅಲ್ಲಿಗೆ ಒಯ್ಯಬೇಡ. ಹುಲಿ ತೋರಿಸಿದರೆ ಇನಾಮು ಎಂದು ನೀವು ಆಸೆ ಹುಟ್ಟಿಸಿದರೆ ಡ್ರೈವರ್ ಜೀಪನ್ನು ಓಡಿಸುತ್ತಾನೆ, ಕಾಲ್ನಡಿಗೆಯ ಗೈಡು ಇನ್ನೂ ಹತ್ತು ಹೆಜ್ಜೆ ಮುಂದೆ ಕರೆದೊಯ್ಯುತ್ತಾನೆ. ಅವನ ಕೈಯಲ್ಲಿರುವುದು ಬರೀ ಬಿದಿರು ಕೋಲು. ಖಡ್ಗಮೃಗಕ್ಕೆ ಕಣ್ಣು ಮಂದ, ಮೂಗು ಕಿವಿ ಬಲು ಚುರುಕು. ಅದು ನುಗ್ಗಿದರೆ ಮರ ಹತ್ತು, ಇಲ್ಲವೇ ದಪ್ಪ ಮರದ ಮರೆಗೆ ಹೋಗು. ಕರಡಿ ಎದುರಾದರೆ ಎಲ್ಲರೂ ಒತ್ತಾಗಿ ನಿಂತು ಗದ್ದಲ ಮಾಡಿ.

ಆ ಖಡ್ಗಮೃಗವನ್ನೇ ಮನಸಾರೆ ನೋಡು, ನಮ್ಮ ಕರ್ನಾಟಕದ ಕಾಡುಗಳಲ್ಲಿ ಅದಿಲ್ಲ. ಒಂದು ಕಾಲಕ್ಕೆ ಮಲೇರಿಯಾದ ಭಯಕ್ಕೇ ಆ ತರಾಯಿ ಕಾಡು ಉಳಿದಿತ್ತು. ಅದನ್ನು ತಾಳಿಕೊಂಡು ಬಾಳಿದವರು ಥಾರು ಜನ. 1950ರ ದಶಕದಲ್ಲಿ ಡಿಡಿಟಿ ಬಂತು, ಬೆಟ್ಟದಿಂದ ಜನ ಇಳಿದರು, ಕಾಡು ಗದ್ದೆಯಾಯಿತು, ಖಡ್ಗಮೃಗ ನೂರರ ಆಸುಪಾಸಿಗೆ ಬಂದು ನಿಂತಿತು. 1973ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೆ ಮತ್ತೆ ಏರಿತು, 2021ರ ಎಣಿಕೆಯಲ್ಲಿ ಚಿತವನದಲ್ಲೇ 694. ಈ ಉದ್ಯಾನಕ್ಕಾಗಿ ಊರು ಬಿಟ್ಟ ಥಾರುಗಳೂ ಇದ್ದಾರೆ. ಸೌರಾಹಾದಲ್ಲಿ ಸಂಜೆಯ ಥಾರು ನೃತ್ಯಕ್ಕೆ ಚಪ್ಪಾಳೆ ತಟ್ಟುವಾಗ ಅದೂ ನೆನಪಿರಲಿ. ರಾಪ್ತಿ ಹೊಳೆಯಲ್ಲಿ ದೋಣಿಯಲ್ಲಿ ಹೋಗು, ಘರಿಯಾಲ್ ಮೊಸಳೆ ಕಂಡೀತು. ಆನೆ ಮೇಲಿನ ಸಫಾರಿ ಬೇಡ, ಅದು ನನ್ನ ಅಭಿಪ್ರಾಯ.

ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇಟ್ಟುಕೋ, ನಿನ್ನ ವಯಸ್ಸಿನವರಿಗೆ ಗಡಿಯಲ್ಲಿ ಆಧಾರ್ ನಡೆಯುವುದಿಲ್ಲ.

ನಾಲ್ಕು ದಿನ ಹೆಚ್ಚಿಗೆ ಕೇಳು. ಕೊಡುವುದೇ ಇಲ್ಲ ಅಂದರೆ ತೆಂಗ್‌ಬೋಚೆ ಮಠದವರೆಗೆ ಹೋಗಿ ತಿರುಗು. 3,860 ಮೀಟರ್ ಎತ್ತರ, ನಾಮ್ಚೆಯಲ್ಲಿ ಒಂದು ದಿನ ತಂಗಿಯೂ ಲುಕ್ಲಾದಿಂದ ವಾರದೊಳಗೆ ಹೋಗಿ ಬರಬಹುದು. ಮಠದ ಅಂಗಳದಿಂದ ಎವರೆಸ್ಟ್, ಲ್ಹೋತ್ಸೆ, ಅಮಾ ದಬ್ಲಮ್ ಮೂರೂ ಕಾಣುತ್ತವೆ. ನಿಮ್ಮ ಏಜೆನ್ಸಿಯವರು ಬಹುಶಃ ಹೇಳಿಲ್ಲ, ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟಿನ ತುದಿ ಕಾಣುವುದೇ ಇಲ್ಲ, ಅದರದೇ ಪಶ್ಚಿಮದ ಭುಜ ಅಡ್ಡ ಬರುತ್ತದೆ. ತೆಂಗ್‌ಬೋಚೆಯಿಂದಲೇ ತಿರುಗಿದರೆ ಚಿತವನಕ್ಕೂ ಎರಡು ರಾತ್ರಿ ನೆಮ್ಮದಿಯಾಗಿ ಸಿಗುತ್ತದೆ. ಯಾವುದು ಅಂತ ಈ ವಾರದೊಳಗೆ ತೀರ್ಮಾನ ಮಾಡಿ ಫೋನ್ ಮಾಡು, ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ.