ಕರೆಂಟ್ ಕೋಣೆಯ ಕೆಲಸಕ್ಕೆ ಸೇರುವ ಮುನ್ನ

ಮಾರನಹಳ್ಳಿ ಕಡೆಯಿಂದ ಕ್ಯಾನ್ಸರ್ ರೋಗಿಗೆ ‘ಕರೆಂಟ್ ಕೊಡಿಸಲು’, ಅಂದರೆ ವಿಕಿರಣ ಚಿಕಿತ್ಸೆಗೆ, ಹೊರಟವರು ಒಂದೋ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ, ಇಲ್ಲವೇ ಹಾಸನದ ಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಅದೇ ದಾರಿಯಲ್ಲಿ ಒಂದು ಉದ್ಯೋಗವೂ ಇದೆ. ಬಿಎಸ್ಸಿ ರೇಡಿಯೋಥೆರಪಿ ಓದಿ ಆ ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ಆಗಬಹುದು. ಆದರೆ ಮಾತೆತ್ತಿದರೆ ಮನೆಯಲ್ಲಿ ಮೊದಲು ಕೇಳುವುದೇ ಇದು: ‘ದಿನಾ ಅಲ್ಲಿ ನಿಂತರೆ ನಮ್ಮ ಹುಡುಗಿಗೂ ಕರೆಂಟ್ ತಗಲುವುದಿಲ್ಲವೇ?’

ನಿಯಮದಂತೆ ನಡೆಯುವ ಕಡೆ ತಗಲುವುದು ತೀರಾ ಅಲ್ಪ. ಚಿಕಿತ್ಸೆ ನಡೆಯುವಾಗ ಸಿಬ್ಬಂದಿ ಹೊರಗೆ, ಮೀಟರ್‌ಗೂ ಮೀರಿದ ದಪ್ಪದ ಕಾಂಕ್ರೀಟ್ ಗೋಡೆಯಾಚೆ ಕುಳಿತು ಕ್ಯಾಮೆರಾದಲ್ಲಿ ರೋಗಿಯನ್ನು ನೋಡುತ್ತಿರುತ್ತಾರೆ. ಯಂತ್ರದಿಂದ ಕಿರಣ ಪಡೆದ ರೋಗಿಯ ಮೈಯಿಂದ ವಿಕಿರಣ ಹೊಮ್ಮುವುದಿಲ್ಲ. ಸಿಬ್ಬಂದಿ ಅದನ್ನು ಬಟ್ಟೆಗೆ ಅಂಟಿಸಿಕೊಂಡು ಮನೆಗೆ ತರುವುದೂ ಇಲ್ಲ.

ಯಂತ್ರ ಯಾವುದೆಂದು ತಿಳಿಯಿರಿ. ಲಿನಾಕ್ ವಿದ್ಯುತ್ತಿನಿಂದ ಕಿರಣ ಹುಟ್ಟಿಸುತ್ತದೆ. ನಿಲ್ಲಿಸಿದರೆ ಕಿರಣವೂ ನಿಂತಿತು. 10 ಎಂವಿ ಮೀರಿದ ಶಕ್ತಿಯಲ್ಲಿ ಮಾತ್ರ ಯಂತ್ರದ ಭಾಗಗಳಲ್ಲೇ ಸ್ವಲ್ಪ ಹೊತ್ತು ವಿಕಿರಣ ಉಳಿಯುವುದರಿಂದ ಕಿರಣ ನಿಂತ ಮರುಕ್ಷಣವೇ ಒಳಗೆ ಓಡಬಾರದು. ಕೋಬಾಲ್ಟ್ ಯಂತ್ರದ ಕಥೆ ಬೇರೆ. ಅದರ ಮೂಲ ಹಗಲೂ ರಾತ್ರಿ ಕಿರಣ ಸೂಸುತ್ತಲೇ ಇರುತ್ತದೆ, ಅರ್ಧಕ್ಕೆ ಇಳಿಯಲು 5.27 ವರ್ಷ ಬೇಕು. ಮುಚ್ಚಿದ್ದಾಗಲೂ ಕವಚದಿಂದ ಅಷ್ಟಿಷ್ಟು ಸೋರುತ್ತದೆ. ರೋಗಿಯನ್ನು ಸರಿಯಾಗಿ ಮಲಗಿಸುವ ಕೆಲಸ ಚುರುಕಾಗಿ ಮುಗಿಯಬೇಕು, ಮಾತುಕತೆ ಹೊರಗಿರಲಿ.

ಬೆಳಿಗ್ಗೆ ಬಾಗಿಲು ಪರೀಕ್ಷಿಸಿ. ಕಿರಣ ಬರುತ್ತಿರುವಾಗ ಬಾಗಿಲು ತೆರೆದರೆ ಯಂತ್ರ ತಾನೇ ನಿಲ್ಲಬೇಕು. ಎಚ್ಚರಿಕೆಯ ದೀಪ, ಕ್ಯಾಮೆರಾ, ಕೋಣೆಯ ವಿಕಿರಣ ಮಾನಿಟರ್ ಎಲ್ಲವನ್ನೂ ಮೊದಲ ರೋಗಿ ಬರುವ ಮುನ್ನವೇ ನೋಡಿಕೊಳ್ಳಿ. ಪ್ರತಿ ಸಲವೂ ಕೊನೆಯದಾಗಿ ಹೊರಬರುವವರು ಕೋಣೆಯಲ್ಲಿ ಕಣ್ಣಾಡಿಸಿ, ರೋಗಿಯ ಹೊರತು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಗುಂಡಿ ಒತ್ತಬೇಕು. ಸಾಲು ಉದ್ದವಿದೆಯೆಂದು ಬಾಗಿಲ ಸ್ವಿಚ್ಚಿಗೆ ಟೇಪು ಸುತ್ತುವವರ ಜೊತೆ ಕೆಲಸ ಮಾಡಬೇಡಿ. ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಸಿ. ದೂರು ಹೇಳಿದ್ದಕ್ಕೆ ಸಹೋದ್ಯೋಗಿ ಮುನಿದರೆ ಮುನಿಯಲಿ.

ಸೀಸದ ಏಪ್ರನ್ ನಂಬಬೇಡಿ. ಎಕ್ಸ್‌ರೇ ಕೋಣೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಕೋಬಾಲ್ಟ್ ಕಿರಣವನ್ನು ಅರ್ಧಕ್ಕೆ ಇಳಿಸಲೇ ಒಂದು ಸೆಂಟಿಮೀಟರ್‌ಗೂ ಹೆಚ್ಚು ದಪ್ಪದ ಸೀಸ ಬೇಕು. ಏಪ್ರನ್ನಿನಲ್ಲಿರುವುದು ಅರ್ಧ ಮಿಲಿಮೀಟರಿನಷ್ಟು. ತೊಟ್ಟವರಿಗೆ ಬರುವುದು ಸುಳ್ಳು ಧೈರ್ಯ ಮತ್ತು ಬೆನ್ನುನೋವು.

ಒಳಚಿಕಿತ್ಸೆಯಲ್ಲಿ ಹೆಚ್ಚು ಜಾಗ್ರತೆ. ಗರ್ಭಕೊರಳಿನ ಕ್ಯಾನ್ಸರಿಗೆ ಕೊಡುವ ಬ್ರಾಕಿಥೆರಪಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಇರಿಡಿಯಂ ತುಣುಕು ತಂತಿಯ ತುದಿಯಲ್ಲಿ ಕುಳಿತು ರೋಗಿಯ ದೇಹದೊಳಕ್ಕೆ ಹೋಗಿ ಬರುತ್ತದೆ. ಹೊಸ ಮೂಲ ಸುಮಾರು 10 ಕ್ಯೂರಿ. ಕವಚದಿಂದ ಹೊರಗಿದ್ದರೆ ಅದರಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 40 ಮಿಲಿಸೀವರ್ಟ್. ಹತ್ತು ಸೆಂಟಿಮೀಟರಿಗೆ ಸರಿದರೆ ನಿಮಿಷಕ್ಕೇ 65ರ ಮೇಲೆ. ನಮ್ಮ ದೇಶದಲ್ಲಿ ವಿಕಿರಣ ಸಿಬ್ಬಂದಿಗೆ ಇರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್. ವರ್ಷಗಟ್ಟಲೆ ಕಾಪಾಡಿಕೊಂಡ ಲೆಕ್ಕ ಒಂದು ನಿಮಿಷದಲ್ಲಿ ಕೆಡಬಹುದಾದ ಜಾಗ ಇದು.

ತಂತಿ ಹಿಂದೆ ಬರದೆ ಸಿಕ್ಕಿಕೊಂಡರೆ ಮೊದಲು ಹೊರಗಿನಿಂದಲೇ ತುರ್ತು ನಿಲುಗಡೆ ಗುಂಡಿ ಒತ್ತಿ. ಮಾನಿಟರ್ ಇನ್ನೂ ಕೂಗುತ್ತಿದ್ದರೆ ಸರ್ವೇ ಮೀಟರ್ ಹಿಡಿದು ಒಳಹೋಗಿ ಯಂತ್ರದ ಕೈಚಕ್ರ ತಿರುಗಿಸಬೇಕು. ಅದಕ್ಕೂ ಜಗ್ಗದಿದ್ದರೆ ವೈದ್ಯರು ನಳಿಕೆಯನ್ನು ಮೂಲದ ಸಮೇತ ಹೊರತೆಗೆಯುತ್ತಾರೆ. ಅದನ್ನು ಉದ್ದನೆಯ ಚಿಮ್ಮಟದಲ್ಲಿ ಹಿಡಿದು ಪಕ್ಕದ ಸೀಸದ ಡಬ್ಬಿಗೆ ಇಳಿಸಬೇಕು. ಮೂಲವನ್ನು ಕೈಯಿಂದ ಮುಟ್ಟಕೂಡದು. ರೋಗಿಯನ್ನು ಹೊರತಂದು, ಕೋಣೆಗೆ ಬೀಗ ಹಾಕಿ, ಮತ್ತೆ ಅಳೆಯಿರಿ. ಚಿಮ್ಮಟ ಎಲ್ಲಿದೆಯೆಂದು ಆ ಹೊತ್ತಿನಲ್ಲಿ ಹುಡುಕುವಂತಿಲ್ಲ. ಅಣಕು ಅಭ್ಯಾಸ ಮಾಡಿಸದ ಆಸ್ಪತ್ರೆಯಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಿ.

ಬ್ಯಾಡ್ಜ್ ಎದೆಯ ಮೇಲಿರಲಿ. ಟಿಎಲ್‌ಡಿ ಬ್ಯಾಡ್ಜ್ ಯಾರನ್ನೂ ಕಾಯುವುದಿಲ್ಲ, ತಗಲಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಓದಿಸಿಕೊಂಡು ಬರುತ್ತದೆ. ಇನ್ನೊಬ್ಬರದ್ದನ್ನು ತೊಡಬೇಡಿ. ನಿಮಗೇ ಎಕ್ಸ್‌ರೇ ತೆಗೆಸುವಾಗ ಕಳಚಿಡಿ. ಅದು ಕೆಲಸದ ಲೆಕ್ಕಕ್ಕೆ ಸೇರದು. ಕೆಲಸ ಮುಗಿದ ಮೇಲೆ ವಿಕಿರಣವಿಲ್ಲದ ಜಾಗದಲ್ಲಿ, ಯಾರೂ ತೊಡದ ಕಂಟ್ರೋಲ್ ಬ್ಯಾಡ್ಜ್ ಪಕ್ಕದಲ್ಲೇ ನೇತುಹಾಕಿ. ಶನಿವಾರ ಊರಿನ ಬಸ್ಸು ಹತ್ತುವಾಗ ಜೇಬಿನಲ್ಲೇ ಉಳಿದು, ಘಾಟಿ ಮಳೆಯಲ್ಲಿ ನೆನೆದು, ಒಲೆಯ ಪಕ್ಕ ಅಂಗಿಯೊಡನೆ ಒಣಗಿದ ಬ್ಯಾಡ್ಜಿನ ಲೆಕ್ಕವನ್ನು ನಂಬುವಂತಿಲ್ಲ. ಶಾಖಕ್ಕೆ ಅದರ ದಾಖಲೆ ಅಳಿಯುತ್ತದೆ.

ಗರ್ಭಿಣಿಯಾದರೆ ತಡಮಾಡದೆ ಬರೆದುಕೊಡಿ. ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಭ್ರೂಣಕ್ಕೆ 1 ಮಿಲಿಸೀವರ್ಟ್ ಮೀರಬಾರದು. ಅದಕ್ಕೆ ತಕ್ಕಂತೆ ಕೆಲಸ ಬದಲಿಸಿಕೊಡುವುದು ಆಸ್ಪತ್ರೆಯ ಹೊಣೆ.

ಕೆಲಸ ಬದಲಿಸುವಾಗ ಹಳೆಯ ಸಂಖ್ಯೆ ಬಿಡಬೇಡಿ. ಮೊದಲ ಬ್ಯಾಡ್ಜಿನೊಡನೆ ಸಿಗುವ ವೈಯಕ್ತಿಕ ಸಂಖ್ಯೆಯಡಿ ನಿಮ್ಮ ಜೀವಮಾನದ ಲೆಕ್ಕವೆಲ್ಲ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ದಾಖಲೆಯಲ್ಲಿ ಸೇರುತ್ತ ಹೋಗುತ್ತದೆ. ಮಂಗಳೂರು ಬಿಟ್ಟು ಬೆಂಗಳೂರಿಗೆ ಹೋದಾಗ ಹೊಸ ಆಸ್ಪತ್ರೆಗೆ ಅದೇ ಸಂಖ್ಯೆ ಕೊಡಿ, ಹಳೆಯ ಕಡೆಯಿಂದ ಡೋಸ್ ವರದಿಯ ಪ್ರತಿ ಕೇಳಿ ಪಡೆದುಕೊಳ್ಳಿ. ರಾಜೀನಾಮೆ ಪತ್ರದ ಜೊತೆಗೇ ಅದಕ್ಕೂ ಅರ್ಜಿ ಕೊಟ್ಟುಬಿಡಿ.