ಬಿಸಿಲೂರಿನ ಕಾರಿಗೊಂದು ಡ್ಯಾಶ್‌ಕ್ಯಾಮ್

ಡ್ಯಾಶ್‌ಕ್ಯಾಮ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು 4ಕೆ ವಿಷಯ. ಬಳ್ಳಾರಿಯಂಥ ಊರಿನಲ್ಲಿ ಕಾರು ಇಟ್ಟುಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಒಳಗಿರುವುದು ಲಿಥಿಯಂ ಬ್ಯಾಟರಿಯೋ, ಸೂಪರ್ ಕೆಪಾಸಿಟರೋ? ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಗಾಜಿನ ಬಳಿ ಕಾವು 70 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಕ್ಯಾಮೆರಾ ಇರಬೇಕಾದ ಜಾಗವೂ ಅದೇ. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಲ್ಲಿಸಿದ ಮೇಲೆ ಆ ನೆರಳೂ ಇಲ್ಲ.

ಪಕ್ಕದ ಮನೆಯವರ ಕ್ಯಾಮೆರಾದ ಬ್ಯಾಟರಿ ಒಂದು ಮೇ ತಿಂಗಳಲ್ಲಿ ಉಬ್ಬಿ ಹಿಂದಿನ ಮುಚ್ಚಳವನ್ನೇ ಎಬ್ಬಿಸಿಬಿಟ್ಟಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಬೇರೆ ಪಾಠ ಬೇಕಿರಲಿಲ್ಲ. ಲಿಥಿಯಂ ಬ್ಯಾಟರಿ ಕಾವಿಗೆ ಬೇಗ ಕೆಡುತ್ತದೆ. ಕೆಪಾಸಿಟರ್ ಹೆಚ್ಚು ಶಕ್ತಿ ಹಿಡಿದಿಡದು, ಆದರೆ ಕಾವು ತಾಳುತ್ತದೆ. ಕಾರು ಆಫ್ ಆದಾಗ ಕೊನೆಯ ಫೈಲನ್ನು ಸರಿಯಾಗಿ ಮುಚ್ಚಲು ಬೇಕಾದ ಕೆಲವು ಕ್ಷಣಗಳ ಕರೆಂಟು ಅದರಲ್ಲಿದ್ದರೆ ಸಾಕು. ನಾನು ಆರಿಸಿಕೊಂಡದ್ದು ಕೆಪಾಸಿಟರ್ ಇರುವುದನ್ನೇ.

ಇನ್ನು ಚಿತ್ರದ ವಿಷಯ. ಹಗಲಲ್ಲಿ ಎಲ್ಲ ಕ್ಯಾಮೆರಾಗಳ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ, ಪರೀಕ್ಷೆಯಾಗುವುದು ರಾತ್ರಿ. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ಎದುರಾದಾಗ ಹೆಡ್‌ಲೈಟಿನ ಬೆಳಕು, ಕೆಂಪು ಧೂಳು ಸೇರಿ ನಂಬರ್ ಪ್ಲೇಟು ಬಿಳಿ ಮಚ್ಚೆಯಾಗುತ್ತದೆ. ಪಿಕ್ಸೆಲ್ ಎಷ್ಟೇ ಇರಲಿ, ಕಡಿಮೆ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಓಡುವ ವಾಹನದ ಅಂಕಿಗಳು ಕಲಸಿಹೋಗುತ್ತವೆ. ಹಾಗಾಗಿ ಸಾಧಾರಣ ಸೆನ್ಸರಿನ 4ಕೆಗಿಂತ ಒಳ್ಳೆಯ ಸೆನ್ಸರಿನ 1440ಪಿ ಮೇಲು. ಸೋನಿ ಸ್ಟಾರ್‌ವಿಸ್ ಸೆನ್ಸರ್ ಇದೆಯೇ ಎಂದು ನೋಡಿ. ಕೋನ ಅಗಲವಿದ್ದಷ್ಟೂ ಒಳ್ಳೆಯದು ಎಂಬ ಮಾತನ್ನೂ ನಂಬಬೇಡಿ. 170 ಡಿಗ್ರಿಯ ಲೆನ್ಸಿನಲ್ಲಿ ಇಡೀ ರಸ್ತೆ ಕಾಣುತ್ತದೆ, ಮುಂದಿನ ಕಾರಿನ ನಂಬರ್ ಮಾತ್ರ ಇರುವೆಯಷ್ಟಾಗುತ್ತದೆ. 140ರ ಆಸುಪಾಸು ಹದವಾದದ್ದು. ಎಷ್ಟೇ ದುಡ್ಡು ಕೊಟ್ಟರೂ ರಾತ್ರಿ ಕೆಲವು ನಂಬರ್ ಓದಲಾಗದು. ಅದಕ್ಕೇ ನಾನು ಮೈಕ್ ಆನ್ ಇಟ್ಟಿರುತ್ತೇನೆ. ಅನುಮಾನ ಬಂದ ಗಾಡಿಯ ನಂಬರನ್ನು ಕಂಡ ಕೂಡಲೇ ಗಟ್ಟಿಯಾಗಿ ಓದಿಬಿಟ್ಟರೆ ದನಿ ವಿಡಿಯೋದಲ್ಲೇ ಉಳಿಯುತ್ತದೆ. ಕಾರಿನಲ್ಲಿ ಬೇರೆಯವರಿದ್ದರೆ ಮಾತು ದಾಖಲಾಗುತ್ತಿದೆ ಎಂದು ಮೊದಲೇ ಹೇಳಿಬಿಡುವುದು ಮರ್ಯಾದೆ.

ಕ್ಯಾಮೆರಾಕ್ಕಿಂತ ಮೊದಲು ಕೈಕೊಡುವುದು ಮೆಮೊರಿ ಕಾರ್ಡು. ಫೋನಿಗೆ ಹಾಕುವ ಸಾಮಾನ್ಯ ಕಾರ್ಡು ಹಗಲೂ ರಾತ್ರಿ ಬರೆದು ಅಳಿಸುವ ಈ ಕೆಲಸಕ್ಕೆ ಮಾಡಿದ್ದಲ್ಲ. ಅದು ಕೆಟ್ಟಾಗ ಎಷ್ಟೋ ಸಲ ಕ್ಯಾಮೆರಾದ ದೀಪ ಉರಿಯುತ್ತಲೇ ಇರುತ್ತದೆ, ಫೈಲು ಮಾತ್ರ ಇರುವುದಿಲ್ಲ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವ ಕಾರ್ಡನ್ನೇ ನಂಬಿಕೆಯ ಅಂಗಡಿಯಲ್ಲಿ ತೆಗೆದುಕೊಳ್ಳಿ, ನಕಲಿಗಳು ಬೇಕಾದಷ್ಟಿವೆ. ಮುಂದೆ, ಹಿಂದೆ ಎರಡೂ ಕ್ಯಾಮೆರಾ ಇದ್ದರೆ 128 ಜಿಬಿ ಕಾರ್ಡಿನಲ್ಲಿ ಸುಮಾರು ಎಂಟು ಗಂಟೆಯ ಓಡಾಟ ಹಿಡಿಯುತ್ತದೆ. ತುಂಬಿದ ಮೇಲೆ ಹಳೆಯದು ಅಳಿದು ಹೊಸದು ಕೂರುತ್ತದೆ. ಗುದ್ದಿದ್ದನ್ನು ಗುರುತಿಸುವ ಜಿ-ಸೆನ್ಸರನ್ನು ನಮ್ಮ ರಸ್ತೆಗಳಿಗೆ ‘ಲೋ’ನಲ್ಲೇ ಇಡಬೇಕು. ಇಲ್ಲದಿದ್ದರೆ ಪ್ರತಿ ಗುಂಡಿ, ಪ್ರತಿ ರಸ್ತೆಯುಬ್ಬನ್ನೂ ಅಪಘಾತವೆಂದು ತಿಳಿದು ಆ ತುಣುಕನ್ನು ಅಳಿಸದಂತೆ ಲಾಕ್ ಮಾಡುತ್ತ ಹೋಗುತ್ತದೆ, ಕಾರ್ಡು ಲಾಕ್ ಆದ ಫೈಲುಗಳಿಂದಲೇ ತುಂಬುತ್ತದೆ. ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಆರಿಸಿ. ನಮ್ಮ ಕರೆಂಟು ಅದೇ ಲೆಕ್ಕದ್ದು. 60 ಇಟ್ಟರೆ ಬೀದಿದೀಪಗಳು ವಿಡಿಯೋದಲ್ಲಿ ಮಿಣುಕುತ್ತವೆ.

ಫಿಟ್ಟಿಂಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಪ್ರಾಣಕ್ಕೆ ಸಂಬಂಧಿಸಿದ ಭಾಗ ಇರುವುದು ಇಲ್ಲೇ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೂ ಕೆಲಸ ನಡೆಯುತ್ತದೆ, ಆದರೆ ವೈರು ಗೇರಿನ ಮೇಲೆ ನೇತಾಡುತ್ತದೆ. ನಾನು ಕೌಲ್ ಬಜಾರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವನು ಮೊದಲು ಫ್ಯೂಸ್ ಬಾಕ್ಸ್ ತೆರೆದು ಮೀಟರ್ ಹಿಡಿದು ಒಂದೊಂದೇ ಫ್ಯೂಸನ್ನು ಪರೀಕ್ಷಿಸಿದ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವುದು ಯಾವುದು, ಯಾವಾಗಲೂ ಇರುವುದು ಯಾವುದು ಎಂದು ಗುರುತು ಮಾಡಿಕೊಂಡ. ಏರ್‌ಬ್ಯಾಗ್, ಎಬಿಎಸ್ ಫ್ಯೂಸುಗಳ ಹತ್ತಿರ ಕೈಯನ್ನೇ ಒಯ್ಯಲಿಲ್ಲ. ಯಾವ ವೈರನ್ನೂ ಕತ್ತರಿಸದೆ ಫ್ಯೂಸ್ ಟ್ಯಾಪ್ ಹಾಕಿ, ಕಪ್ಪು ವೈರನ್ನು ಬಾಡಿಯ ಬೋಲ್ಟಿಗೆ ಬಿಗಿದ. ವೈರು ಕತ್ತರಿಸಿ ಟೇಪು ಸುತ್ತುವವರ ಕೈಗೆ ಕಾರು ಕೊಟ್ಟರೆ ಮುಂದೆ ವಾರಂಟಿಯ ಮಾತು ಬಂದಾಗ ತಕರಾರು ತಪ್ಪದು.

ಆಮೇಲೆ ಗಾಜಿನ ಪಕ್ಕದ ಕಂಬದ, ಅಂದರೆ ಎ-ಪಿಲ್ಲರಿನ, ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಒಳಗೆ ಮಡಿಸಿಟ್ಟ ಕರ್ಟನ್ ಏರ್‌ಬ್ಯಾಗ್ ಕಂಡಿತು. ‘ನೋಡ್ರಿ ಸರ್, ಇದ್ರ ಮುಂದೆ ವೈರ್ ಎಳೆದ್ರೆ ಬಲೂನ್ ಬಿಚ್ಚೋವಾಗ ವೈರು, ಕ್ಲಿಪ್ಪು ಎಲ್ಲಾ ಮುಖಕ್ಕೆ ಬರ್ತಾವ’ ಎಂದ. ಏರ್‌ಬ್ಯಾಗಿನ ಹಿಂದೆಯೇ ತೂರಿಸಿ, ಅಲ್ಲಿ ಮೊದಲೇ ಇದ್ದ ಕಂಪನಿ ವೈರಿನ ಜೊತೆ ಜಿಪ್ ಟೈ ಕಟ್ಟಿ ಮುಚ್ಚಳ ಕೂರಿಸಿದ. ಫಿಟ್ಟಿಂಗ್ ಮಾಡುವವರು ಮುಚ್ಚಳ ಬಿಚ್ಚದೆ ಬೆರಳಿನಿಂದ ವೈರನ್ನು ಸಂದಿಗೆ ಒತ್ತುತ್ತಿದ್ದರೆ ಅಲ್ಲೇ ತಡೆಯಿರಿ, ಈ ಒಂದು ವಿಷಯದಲ್ಲಿ ಮುಲಾಜು ಬೇಡ.

ಕ್ಯಾಮೆರಾ ಕೂತದ್ದು ಒಳಗನ್ನಡಿಯ ಹಿಂದೆ, ಚಾಲಕನ ಕಣ್ಣಿಗೆ ಅಡ್ಡ ಬಾರದಂತೆ, ಆದರೆ ವೈಪರ್ ಒರೆಸುವ ಜಾಗದೊಳಗೆ. ಇದನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕು. ವೈಪರ್ ಮುಟ್ಟದ ಮೂಲೆಯಲ್ಲಿ ಅಂಟಿಸಿದರೆ ಶಿರಾಡಿ ಘಾಟಿಯ ಮಳೆಯಲ್ಲಿ ಲೆನ್ಸಿಗೆ ಕಾಣುವುದು ನೀರೊಂದೇ.

ನಿಲ್ಲಿಸಿದ ಕಾರನ್ನು ಕಾಯುವ ಪಾರ್ಕಿಂಗ್ ಮೋಡ್ ಬಗ್ಗೆ ನನಗೆ ಉತ್ಸಾಹವಿಲ್ಲ. ಅದು ಕಾರಿನ ಬ್ಯಾಟರಿಯನ್ನೇ ಉಣ್ಣುತ್ತದೆ, ಕುದಿಯುವ ಕಾರಿನಲ್ಲಿ ಕ್ಯಾಮೆರಾವನ್ನು ಇನ್ನಷ್ಟು ಕಾಯಿಸುತ್ತದೆ. ಬೇಕೇ ಬೇಕೆನ್ನುವವರು ವೋಲ್ಟೇಜ್ ಕಟ್-ಆಫನ್ನು 12.2ಕ್ಕಿಂತ ಕೆಳಗೆ ಇಡಬೇಡಿ. ಪೂರ್ತಿ ಚಾರ್ಜಾದ ಬ್ಯಾಟರಿ 12.6ರಷ್ಟು ತೋರಿಸುತ್ತದೆ, 12ಕ್ಕೆ ಇಳಿದರೆ ಬೆಳಿಗ್ಗೆ ಕಾರು ತಳ್ಳಬೇಕಾದೀತು.

ಇಷ್ಟೆಲ್ಲ ಏಕೆ ಬೇಕು? 2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಡುರಾತ್ರಿ ಬೈಕಿನವರು ಬೇಕೆಂದೇ ಕಾರಿಗೆ ಗುದ್ದಿ ದಂಪತಿಯನ್ನು ಬೆನ್ನಟ್ಟಿದ್ದರು. ಡ್ಯಾಶ್‌ಕ್ಯಾಮ್ ದೃಶ್ಯ ಹೊರಬಿದ್ದ ಮೇಲೆ ಪೊಲೀಸರು ಇಬ್ಬರನ್ನು ಬಂಧಿಸಿದರು. ನನಗಾದದ್ದು ಅದರ ಮುಂದೆ ಸಣ್ಣದು. ಹೆದ್ದಾರಿಯ ಟೋಲ್ ಸಾಲಿನಲ್ಲಿ ಮುಂದಿದ್ದ ಗೂಡ್ಸ್ ಗಾಡಿ ಹಿಂದೆ ಸರಿದು ಬಾನೆಟ್ಟಿಗೆ ತಾಗಿತು. ಚಾಲಕ ಇಳಿದವನೇ ‘ಹಿಂದಿಂದ ಬಂದು ಗುದ್ದಿದ್ದು ನೀವು’ ಎಂದು ಏರಿದ ದನಿಯಲ್ಲಿ ಹೇಳಿದ, ಸುತ್ತ ನಾಲ್ಕು ಜನ ಸೇರಿದರು. ಕ್ಯಾಮೆರಾದ ವೈಫೈನಿಂದ ಆ ತುಣುಕನ್ನು ಫೋನಿಗೆ ಇಳಿಸಿ ತೋರಿಸಿದೆ. ಅವನ ಕ್ಲೀನರ್ ಹುಡುಗನೇ ಬಗ್ಗಿ ನೋಡಿ ‘ರಿವರ್ಸ್ ಲೈಟ್ ಹತ್ತೈತಲ್ಲಣ್ಣ’ ಎಂದ. ಮಾತು ಅಲ್ಲಿಗೆ ಮುಗಿಯಿತು.

ವಿಷಯ ಠಾಣೆಗೋ ಕೋರ್ಟಿಗೋ ಹೋದರೆ ಇಷ್ಟು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೋದ ಪ್ರತಿಯನ್ನು ಒಪ್ಪಿಸುವಾಗ ಜೊತೆಗೆ ಪ್ರಮಾಣಪತ್ರ ಇರಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲು ಸ್ವಲ್ಪ ಬದಲಾದರೂ ತಾನೂ ಬದಲಾಗುವ ಗುರುತನ್ನೂ, ನಮೂದಿಸಬೇಕು. ಹಾಗಾಗಿ ಘಟನೆ ನಡೆದ ಕೂಡಲೇ ಕಾರ್ಡನ್ನು ತೆಗೆದಿಡಿ, ಹೊಸ ಕಾರ್ಡು ಹಾಕಿಕೊಂಡು ಮುಂದೆ ಹೋಗಿ. ಮೂಲ ಫೈಲನ್ನು ಕತ್ತರಿಸಬೇಡಿ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದ ಪ್ರತಿ ಕುಗ್ಗಿಹೋಗಿರುತ್ತದೆ, ಅದನ್ನೇ ಸಾಕ್ಷಿಯೆಂದು ನೆಚ್ಚಬೇಡಿ. ಗಾಯಗೊಂಡವರ ಮುಖವಿರುವ ದೃಶ್ಯವನ್ನು ಜಾಲತಾಣಕ್ಕೆ ಹಾಕುವುದಂತೂ ಬೇಡವೇ ಬೇಡ. ಅದು ಪೊಲೀಸರಿಗೂ ವಕೀಲರಿಗೂ ಸೇರಬೇಕಾದ ವಸ್ತು.

ಈಗಾಗಲೇ ಕ್ಯಾಮೆರಾ ಹಾಕಿಸಿಕೊಂಡವರಲ್ಲಿ ಒಂದು ಕೇಳಿಕೆ. ಇವತ್ತೇ ಕಾರ್ಡು ತೆಗೆದು ಕೊನೆಯ ವಿಡಿಯೋ ಓಡಿಸಿ ನೋಡಿ, ಅದರ ಮೇಲಿನ ತಾರೀಖು, ಸಮಯ ಸರಿಯಿದೆಯೇ ಗಮನಿಸಿ. ಜಿಪಿಎಸ್ ಇಲ್ಲದ ಕ್ಯಾಮೆರಾಗಳ ಗಡಿಯಾರ ಬರಬರುತ್ತ ತಪ್ಪುತ್ತದೆ. ಬೇಕಾದ ಫೈಲುಗಳನ್ನು ಬೇರೆಡೆ ಇಟ್ಟುಕೊಂಡು ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು.