ಜಾಂಗೋ ಜಾಲತಾಣಕ್ಕೆ ಲಾಗಿನ್: ಆಲ್‌ಆತ್ ಅಳವಡಿಸುವ ಬಗೆ

2009ರ ಡಿಸೆಂಬರಿನಲ್ಲಿ ಅಮೆರಿಕದ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಬಳಕೆದಾರರು ಟೈಪ್ ಮಾಡಿದ್ದ ಅಕ್ಷರಗಳೇ ಡೇಟಾಬೇಸಿನಲ್ಲಿ ಇದ್ದ ಹಾಗೇ ಇದ್ದವು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಪಾಸ್‌ವರ್ಡ್‌ಗಳನ್ನು ಹ್ಯಾಶ್ (ಮರಳಿ ಓದಲಾಗದ ರೂಪಕ್ಕೆ ಬದಲಾವಣೆ) ಮಾಡಿದ್ದರೂ ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಸೇರಿಸುವ ಬೇರೆಬೇರೆ ಅಕ್ಷರಗುಚ್ಛ) ಬೆರೆಸಿರಲಿಲ್ಲ. ಕಳ್ಳರಿಗೆ ಅವನ್ನು ಒಡೆಯುವುದು ಕಷ್ಟವಾಗಲಿಲ್ಲ. ದೊಡ್ಡವರೇ ಎಡವಿದ, ಪಾಸ್‌ವರ್ಡ್ ಕಾಪಾಡುವ ಈ ಕೆಲಸವನ್ನು ಪುಟ್ಟ ತಾಣ ಕಟ್ಟುವವರು ಮೊದಲಿನಿಂದ ಬರೆಯಲು ಕೂರಬಾರದು. ಪಳಗಿದ ಪ್ಯಾಕೇಜ್ ಬಳಸುವುದೇ ಜಾಣತನ.

ಪೈಥಾನ್‌ನ ಜಾಂಗೋ ಚೌಕಟ್ಟಿನಲ್ಲಿ ಸಾಲ್ಟ್ ಬೆರೆಸಿದ ಹ್ಯಾಶ್, ಲಾಗಿನ್, ಪಾಸ್‌ವರ್ಡ್ ಬದಲಾವಣೆ ಎಲ್ಲವೂ ಇವೆ. ಹೊಸಬರ ನೋಂದಣಿ, ಇಮೇಲ್ ಪರಿಶೀಲನೆ, ಗೂಗಲ್ ಮೂಲಕ ಪ್ರವೇಶ ಮಾತ್ರ ಇಲ್ಲ. ಆ ಕೊರತೆ ತುಂಬುವುದು ರೇಮಂಡ್ ಪೆನ್ನರ್ಸ್ ಆರಂಭಿಸಿದ ಜಾಂಗೋ-ಆಲ್‌ಆತ್ ಎಂಬ ಮುಕ್ತ ತಂತ್ರಾಂಶ. (ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಸೆಟ್ಟಿಂಗ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು.)

ಮೊದಲು ಯೂಸರ್ ಮಾಡೆಲ್

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಪ್ರಾಜೆಕ್ಟ್ ತೆರೆದ ಕೂಡಲೇ ಮೈಗ್ರೇಟ್ ಆದೇಶ ಕೊಟ್ಟುಬಿಡುತ್ತಾರೆ. ಆಗ ಜಾಂಗೋದ ಸಿದ್ಧ ಯೂಸರ್ ಟೇಬಲ್ ಹುಟ್ಟಿಕೊಳ್ಳುತ್ತದೆ. ಮುಂದೊಂದು ದಿನ ಫೋನ್ ಸಂಖ್ಯೆ ಸೇರಿಸಲೆಂದು ಸ್ವಂತ ಮಾಡೆಲ್‌ಗೆ ಬದಲಾಯಿಸ ಹೊರಟರೆ ಮೈಗ್ರೇಷನ್ ಇತಿಹಾಸ ಹೊಂದುತ್ತಿಲ್ಲ ಎಂಬ ದೋಷ ಎದುರಾಗುತ್ತದೆ. ಆದ್ದರಿಂದ ಮೊದಲ ಮೈಗ್ರೇಟ್‌ಗೂ ಮುನ್ನ ಒಂದು ಆ್ಯಪ್ ರಚಿಸಿ, ಅಬ್‌ಸ್ಟ್ರ್ಯಾಕ್ಟ್‌ಯೂಸರ್ ಆಧರಿಸಿ ಎರಡು ಸಾಲಿನ ಖಾಲಿ ಮಾಡೆಲ್ ಬರೆದು, ಅದನ್ನು ‘ಆತ್ ಯೂಸರ್ ಮಾಡೆಲ್’ ಸೆಟ್ಟಿಂಗ್‌ನಲ್ಲಿ ಸೂಚಿಸಬೇಕು. ಆ್ಯಪ್‌ಗೆ ‘ಅಕೌಂಟ್’ ಎಂಬ ಹೆಸರು ಬೇಡ. ಆಲ್‌ಆತ್‌ನ ಒಳಗಿನ ಆ್ಯಪ್‌ಗೂ ಅದೇ ಹೆಸರಿರುವುದರಿಂದ ಎರಡೂ ಡಿಕ್ಕಿ ಹೊಡೆದು ತಾಣ ಏಳುವುದೇ ಇಲ್ಲ. ‘ಯೂಸರ್ಸ್’ ಎಂದಿಟ್ಟರೆ ತೊಂದರೆಯಿಲ್ಲ.

ಅಳವಡಿಕೆ

ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೆ ಪಿಪ್ ಇನ್‌ಸ್ಟಾಲ್ ಆದೇಶದಿಂದ ಪ್ಯಾಕೇಜ್ ತರಿಸಿಕೊಳ್ಳಬೇಕು. ಗೂಗಲ್ ಲಾಗಿನ್ ಬೇಕಿದ್ದರೆ ಪ್ಯಾಕೇಜ್ ಹೆಸರಿನ ಕೊನೆಗೆ ಚೌಕ ಆವರಣದಲ್ಲಿ ‘ಸೋಶಿಯಲ್‌ಅಕೌಂಟ್’ ಸೇರಿಸಬೇಕು. ಮ್ಯಾಕ್ ಬಳಸುವವರು ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಟರ್ಮಿನಲ್ ಅದನ್ನು ಒಪ್ಪುವುದಿಲ್ಲ.

ಬಳಿಕ ಸೆಟ್ಟಿಂಗ್ಸ್ ಫೈಲು. ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಗೆ ಆಲ್‌ಆತ್ ಮತ್ತು ಅದರ ಅಕೌಂಟ್ ಆ್ಯಪ್ ಸೇರಬೇಕು. ‘ಅಥೆಂಟಿಕೇಷನ್ ಬ್ಯಾಕೆಂಡ್ಸ್’ನಲ್ಲಿ ಜಾಂಗೋದ ಮಾಡೆಲ್‌ಬ್ಯಾಕೆಂಡ್ ಜೊತೆಗೆ ಆಲ್‌ಆತ್‌ನದೂ ಇರಬೇಕು. ‘ಮಿಡಲ್‌ವೇರ್’ ಪಟ್ಟಿಗೆ ಅಕೌಂಟ್‌ಮಿಡಲ್‌ವೇರ್ ಹಾಕಬೇಕು. ಹಳೆಯ ಪಾಠಗಳಲ್ಲಿ ಈ ಸಾಲು ಇರುವುದಿಲ್ಲ, ಈಗಿನ ಆವೃತ್ತಿಗಳಲ್ಲಿ ಕಡ್ಡಾಯ. ಯುಆರ್‌ಎಲ್ ಫೈಲಿನಲ್ಲಿ ‘ಅಕೌಂಟ್ಸ್/’ ವಿಳಾಸದಡಿ ಆಲ್‌ಆತ್‌ನ ಯುಆರ್‌ಎಲ್‌ಗಳನ್ನು ಜೋಡಿಸಿ ಮೈಗ್ರೇಟ್ ಮಾಡಿದರೆ ನೋಂದಣಿ, ಲಾಗಿನ್ ಪುಟಗಳು ತೆರೆದುಕೊಳ್ಳುತ್ತವೆ. ಲಾಗಿನ್ ಆದೊಡನೆ 404 ಬಂದರೆ ಗಾಬರಿ ಬೇಡ. ಜಾಂಗೋ ತಾನಾಗಿ ಕಳಿಸುವ ಪ್ರೊಫೈಲ್ ಪುಟವನ್ನು ಯಾರೂ ಬರೆದಿರುವುದಿಲ್ಲ, ಅಷ್ಟೇ. ‘ಲಾಗಿನ್ ರಿಡೈರೆಕ್ಟ್ ಯುಆರ್‌ಎಲ್’ ಬದಲಿಸಿದರೆ ಸಾಕು.

ಇಮೇಲ್ ಪರಿಶೀಲನೆ

‘ಅಕೌಂಟ್ ಇಮೇಲ್ ವೆರಿಫಿಕೇಷನ್’ಗೆ ‘ಮ್ಯಾಂಡೇಟರಿ’ ಎಂದೇ ಕೊಡಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಬೇರೊಬ್ಬರ ಇಮೇಲ್ ಕೊಟ್ಟು ಖಾತೆ ತೆರೆದು ಕಾದು ಕೂರಬಹುದು. ಕಡ್ಡಾಯ ಮಾಡಿದಾಗ ಇನ್ನೊಂದು ಉಪಕಾರವೂ ಇದೆ: ಈಗಾಗಲೇ ಖಾತೆಯಿರುವ ವಿಳಾಸದಿಂದ ಮತ್ತೆ ನೋಂದಾಯಿಸಲು ಹೋದರೆ ಆಲ್‌ಆತ್ ಪರದೆಯ ಮೇಲೆ ಗುಟ್ಟು ಬಿಡುವುದಿಲ್ಲ, ವಿಳಾಸದ ಒಡೆಯರಿಗೆ ಪತ್ರ ಕಳಿಸುತ್ತದೆ. ಯಾರ ಖಾತೆ ಈ ತಾಣದಲ್ಲಿದೆ ಎಂದು ಹುಡುಕುವವರಿಗೆ ಏನೂ ಸಿಗದು. ಅಭಿವೃದ್ಧಿಯ ಹಂತದಲ್ಲಿ ಇಮೇಲ್ ಬ್ಯಾಕೆಂಡ್ ಆಗಿ ‘ಕನ್ಸೋಲ್’ ಆರಿಸಿದರೆ ಪತ್ರ ಟರ್ಮಿನಲ್‌ನಲ್ಲೇ ಕಾಣುತ್ತದೆ, ಮೇಲ್ ಸರ್ವರ್ ಬೇಕಿಲ್ಲ.

ಗೂಗಲ್ ಮೂಲಕ ಪ್ರವೇಶ

ಸೋಶಿಯಲ್‌ಅಕೌಂಟ್ ಮತ್ತು ಗೂಗಲ್ ಪ್ರೊವೈಡರ್ ಆ್ಯಪ್‌ಗಳನ್ನೂ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ಪಟ್ಟಿಗೆ ಸೇರಿಸಿ ಮತ್ತೊಮ್ಮೆ ಮೈಗ್ರೇಟ್ ಮಾಡಬೇಕು. ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಕ್ಲೈಂಟ್ ಐಡಿ, ಸೀಕ್ರೆಟ್ ಪಡೆಯುವಾಗ ರಿಡೈರೆಕ್ಟ್ ವಿಳಾಸವನ್ನು ಅಕ್ಷರ ತಪ್ಪದೆ ಕೊಡಬೇಕು. ಲೋಕಲ್‌ಹೋಸ್ಟ್ ಎಂದು ನೋಂದಾಯಿಸಿ 127.0.0.1 ಎಂದು ತೆರೆದರೆ ಗೂಗಲ್ ತಿರಸ್ಕರಿಸುತ್ತದೆ. ಕೊನೆಯ ಓರೆಗೆರೆ ಬಿಟ್ಟರೂ ಅದೇ ಕಥೆ. ಈ ಕೀಲಿಗಳನ್ನು ಸೆಟ್ಟಿಂಗ್ಸ್‌ನಲ್ಲಾದರೂ ಕೊಡಬಹುದು, ಅಡ್ಮಿನ್ ಪುಟದಲ್ಲಾದರೂ ಕೊಡಬಹುದು, ಎರಡೂ ಕಡೆ ಕೊಟ್ಟರೆ ದೋಷ. ಸೀಕ್ರೆಟ್ ಎಂದೂ ಗಿಟ್‌ಗೆ ಹೋಗಕೂಡದು.

‘ಸೋಶಿಯಲ್‌ಅಕೌಂಟ್ ಇಮೇಲ್ ಅಥೆಂಟಿಕೇಷನ್’ ಎಂಬುದನ್ನು ಸುಮ್ಮನೆ ಆನ್ ಮಾಡುವಂತಿಲ್ಲ. ಇಮೇಲ್ ತಾಳೆಯಾದರೆ ಸಾಕು, ಹಳೆಯ ಖಾತೆಗೆ ಒಳಬಿಡು ಎಂದು ಹೇಳಿದಂತೆ ಅದು. ಇಮೇಲ್ ಅನ್ನು ಸರಿಯಾಗಿ ಪರಿಶೀಲಿಸುವ ನಂಬಿಕಸ್ಥ ಸೇವೆಗಳಿಗೆ ಮಾತ್ರ ಆ ಸಲುಗೆ.

ಕನ್ನಡ ಪುಟಗಳು, ಕೊನೆಯ ತಪಾಸಣೆ

ಜಾಂಗೋದ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಆದರೂ ಲಾಗಿನ್ ಪುಟಕ್ಕೆ ಬೇಕಾದ ಕನ್ನಡವನ್ನು ತಾವೇ ಬರೆಯುವುದು ಮೇಲು: ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ‘ಅಕೌಂಟ್’ ಎಂಬ ಉಪಫೋಲ್ಡರ್ ಮಾಡಿ ಆಲ್‌ಆತ್‌ನಲ್ಲಿರುವ ಹೆಸರಿನಲ್ಲೇ ಲಾಗಿನ್ ಫೈಲ್ ಇಟ್ಟರೆ ಆಲ್‌ಆತ್‌ನ ಪುಟದ ಬದಲು ಅದು ಬರುತ್ತದೆ. ‘ಟೆಂಪ್ಲೇಟ್ಸ್’ ಸೆಟ್ಟಿಂಗ್‌ನ ಡೈರೆಕ್ಟರಿ ಪಟ್ಟಿಯಲ್ಲಿ ಆ ಫೋಲ್ಡರ್ ಇರಲೇಬೇಕು.

ತಾಣ ಬಿಡುಗಡೆಗೆ ಮುನ್ನ ‘ಡೀಬಗ್’ ಆಫ್ ಮಾಡಿ, ಸೆಷನ್ ಮತ್ತು ಸಿಎಸ್‌ಆರ್‌ಎಫ್ ಕುಕೀಗಳನ್ನು ಎಚ್‌ಟಿಟಿಪಿಎಸ್‌ಗೆ ಮಾತ್ರ ಸೀಮಿತಗೊಳಿಸಿ, ಮ್ಯಾನೇಜ್ ಫೈಲಿನ ಚೆಕ್ ಆದೇಶವನ್ನು ‘ಡಿಪ್ಲಾಯ್’ ಆಯ್ಕೆಯೊಂದಿಗೆ ಓಡಿಸಬೇಕು. ಬಿಟ್ಟುಹೋದ ಸುರಕ್ಷತಾ ಸೆಟ್ಟಿಂಗ್‌ಗಳನ್ನು ಅದು ಒಂದೊಂದಾಗಿ ತೋರಿಸುತ್ತದೆ.